ತಕ್ಕಡಿಗೆ ಹೋದ ಕಂಪ್ಯೂಟರಿನ ನೆನಪು

ನಮ್ಮ ಮನೆಯಲ್ಲಿ ಯಾವ ವಸ್ತುವಿಗೂ ಸ್ವಂತ ಸೆಲ್ ಇಲ್ಲ. ನಮ್ಮ ಸಂಸಾರ ನಡೆಯುವ ಕ್ರಮವೇ ಹಾಗೆ. ಚಿಕ್ಕ ಟಾರ್ಚು ಮಂಕಾದರೆ ಅದರ ಸೆಲ್ ರೇಡಿಯೋಕ್ಕೆ ಹೋಗುತ್ತದೆ. ರೇಡಿಯೋದ ದನಿ ಕೀರಲಾದರೆ ಟೀವಿ ರಿಮೋಟಿಗೆ. ರಿಮೋಟನ್ನು ತೊಡೆಗೆ ಎಷ್ಟು ಬಡಿದರೂ ಚಾನೆಲ್ ಬದಲಾಗದ ದಿನ ಗೋಡೆ ಗಡಿಯಾರಕ್ಕೆ. ಗಡಿಯಾರಕ್ಕೆ ಊಟ ಕಡಿಮೆ, ಎಂಥ ಮುದಿ ಸೆಲ್ ಕೊಟ್ಟರೂ ಕುಂಟುತ್ತಾ ನಡೆಯುತ್ತದೆ. ಹಾಗಾಗಿ ನಮ್ಮ ಮನೆಗೆ ಬಂದ ನೆಂಟರು ಗಡಿಯಾರ ನೋಡಿ ಹೊರಟರೆ ಬಸ್ಸು ತಪ್ಪಿಸಿಕೊಂಡು ವಾಪಸ್ಸು ಬಂದು ಇನ್ನೊಂದು ಲೋಟ ಕಾಫಿ ಕುಡಿಯುತ್ತಾರೆ. ಈ ವರ್ಗಾವಣೆ ಇಲಾಖೆಗೆ ನಾನೇ ಮುಖ್ಯಸ್ಥೆ. ಯಾವ ಸೆಲ್ ಹೊಸದು, ಯಾವುದು ಒಂದು ಕಡೆ ಸೋತು ಬಂದದ್ದು ಅಂತ ಗೊತ್ತಾಗಬೇಕಲ್ಲ, ಅದಕ್ಕೆ ಸೋತ ಸೆಲ್ಲಿನ ಬೆನ್ನಿಗೆ ಕೆಂಪು ನೇಲ್ ಪಾಲಿಶಿನ ಒಂದು ಚುಕ್ಕಿ ಇಡುತ್ತೇನೆ. ಯಾರದೋ ಮದುವೆಗೆ ಅಂತ ಕೊಂಡ ಬಾಟಲಿ ಅದು. ಉಗುರಿಗೆ ಹಚ್ಚಿದ್ದು ಒಂದೇ ಸಲ, ಸೆಲ್ಲಿಗೆ ಹಚ್ಚಿದ್ದಕ್ಕೆ ಲೆಕ್ಕವಿಲ್ಲ.

ಈ ಚುಕ್ಕಿಯ ವಿಷಯ ನೆನಪಿಟ್ಟುಕೊಳ್ಳಿ. ನಾನು ಮರೆತಿದ್ದೆ, ಅದರಿಂದಲೇ ಕೆಟ್ಟೆ.

ನಾನು ಓದಿದ್ದು ಎಂಟನೇ ಕ್ಲಾಸು. ಅದರಲ್ಲೂ ಎಂಟನೆಯದನ್ನು ಪೂರ್ತಿ ಓದಿದೆ ಅನ್ನುವುದಕ್ಕೆ ನನ್ನ ಹತ್ತಿರ ಸಾಕ್ಷಿ ಇಲ್ಲ. ಬಣಕಲ್ಲಿನಲ್ಲಿ ಹೆದ್ದಾರಿ ಪಕ್ಕದಲ್ಲೇ ನಮ್ಮ ಮನೆ. ಮುಂದಿನ ಜಗುಲಿಯಲ್ಲಿ ಚಾಕೊಲೇಟು, ಮೆಣಸಿನ ಸಾರಿನ ಪುಡಿ, ಕಾಫಿಪುಡಿ ಎಲ್ಲ ಇಟ್ಟುಕೊಂಡು ಪ್ರವಾಸಿಗಳಿಗೆ ಮಾರುತ್ತೇನೆ. ನಮ್ಮವರು ಬಾಳೂರಿನ ಕಡೆ ಒಂದು ಎಸ್ಟೇಟಿನಲ್ಲಿ ರೈಟರು, ಆಳುಗಳ ಹಾಜರಿ ಬರೆಯುವವರು. ಅಮ್ಮ ಹೋದ ಮೇಲೆ ನನ್ನ ತಮ್ಮ ಚೇತನ ನಮ್ಮ ಜೊತೆಗೇ ಇದ್ದಾನೆ. ಅವನಿಗೆ ಮದುವೆ ವಿಡಿಯೋ ತೆಗೆಯುವ ಕೆಲಸ. ಅವನಿಗೇ ಮದುವೆ ಯಾವಾಗ ಅಂತ ಕೇಳಿದರೆ, 'ಸೀಸನ್‌ನಲ್ಲಿ ಡೇಟ್ ಖಾಲಿ ಇಲ್ಲ ಅಕ್ಕ' ಅನ್ನುತ್ತಾನೆ.

ಹಳೇ ಕಂಪ್ಯೂಟರಿನಲ್ಲಿ ಒಂದು ಮದುವೆ ಕತ್ತರಿಸಿ ಜೋಡಿಸುವಷ್ಟರಲ್ಲಿ ಆ ದಂಪತಿಗೆ ಮಗು ಹುಟ್ಟಿ, ನಾಮಕರಣದ ವಿಡಿಯೋಕ್ಕೂ ಅವರೇ ಬರುತ್ತಿದ್ದರು. ಅದಕ್ಕೇ ಈ ವರ್ಷ ಹೊಸದು ಕಟ್ಟುತ್ತೇನೆ ಅಂದ. ಕಂಪ್ಯೂಟರನ್ನು ಕೊಳ್ಳುತ್ತಾರೆ ಅಂತ ನಾನು ತಿಳಿದಿದ್ದೆ. ಇಲ್ಲವಂತೆ, ಕೊಟ್ಟಿಗೆ ಕಟ್ಟಿದ ಹಾಗೆ ಒಂದೊಂದೇ ಸಾಮಾನು ತಂದು ಕಟ್ಟುವುದಂತೆ. ಸಾಮಾನು ಕೊಟ್ಟವನು ಮೂಡಿಗೆರೆಯ ಹರ್ಷ. ಚೇತನನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು, ಈಗ ಅಲ್ಲೇ ಚಿಕ್ಕ ಕಂಪ್ಯೂಟರ್ ಅಂಗಡಿ ಇಟ್ಟಿದ್ದಾನೆ. ನಮ್ಮ ಊಟದ ಮೇಜಿನ ಮೇಲೆ ಬಟ್ಟೆ ಹಾಸಿ, ಅದರ ಮೇಲೆ ಮದರ್‌ಬೋರ್ಡು ಅನ್ನುವ ಕಪ್ಪು ಹಲಗೆ ಇಟ್ಟು, ಅದಕ್ಕೆ ಇದನ್ನು ಸಿಕ್ಕಿಸಿ, ಅದನ್ನು ತಿರುಗಿಸಿ, ಕೊನೆಗೆ ಹಲಗೆಯನ್ನು ಗಾಜಿನ ಬಾಗಿಲಿರುವ ಪೆಟ್ಟಿಗೆಯೊಳಗೆ ಕೂರಿಸಿದ. ಒಂದು ದೊಡ್ಡ ಕಾರ್ಡು ಮಾತ್ರ ಬರುವುದು ಬಾಕಿ ಇತ್ತು. 'ಹರ್ಷನ ಅಂಗಡಿಗೆ ಬಂದಿದೆಯಂತೆ, ತಗೊಂಡು ಬರ್ತೀನಿ. ಯಾರೂ ಮುಟ್ಬೇಡಿ' ಅಂತ ಹೇಳಿ ಬೈಕು ಹತ್ತಿದ.

ಯಾರೂ ಮುಟ್ಟಬೇಡಿ ಅಂದರೆ ನಮ್ಮವರಿಗೆ ಹೇಳಿದ್ದು ಅಂತ ನಾನು ಅರ್ಥ ಮಾಡಿಕೊಂಡೆ.

ಅದೇ ಹೊತ್ತಿಗೆ ನನ್ನ ಅಡುಗೆಮನೆಯ ತೂಕದ ಮೆಷಿನ್ ಕಣ್ಣು ಮುಚ್ಚಿತು. ಹೊರಗೆ ಒಂದು ವ್ಯಾನ್ ತುಂಬ ಜನ, ಚಾಕೊಲೇಟು ತೂಗಿ ಕೊಡಿ ಅಂತ ನಿಂತಿದ್ದಾರೆ. ಮೆಷಿನ್ ಮಗುಚಿ ಸೆಲ್ ತೆಗೆದೆ, ರೂಪಾಯಿ ನಾಣ್ಯದಗಲದ ಗುಂಡನೆ ಸೆಲ್. ಅಭ್ಯಾಸ ನೋಡಿ, ವ್ಯಾನು ಕಾಯುತ್ತಿದ್ದರೂ ಮೊದಲು ಅದರ ಬೆನ್ನಿಗೆ ಕೆಂಪು ಚುಕ್ಕಿ ಇಟ್ಟು ಉಫ್ ಅಂತ ಊದಿ ಒಣಗಿಸಿದೆ. ಹೊಸದು ಎಲ್ಲಿಂದ ತರಲಿ? ಮನೆಯೆಲ್ಲ ಕಣ್ಣಾಡಿಸುತ್ತಾ ಬಂದರೆ, ಚೇತನನ ಗಾಜಿನ ಪೆಟ್ಟಿಗೆಯ ನಟ್ಟನಡುವೆ, ಆ ಕಪ್ಪು ಹಲಗೆಯ ಮೇಲೆ, ತದ್ರೂಪಿ ಅದೇ ಸೆಲ್ ಥಳಥಳ ಹೊಳೆಯುತ್ತಾ ಮಲಗಿದೆ. ನಂಬರು ಹೋಲಿಸಿ ನೋಡಿದೆ, ಒಂದೇ. ಕಂಪ್ಯೂಟರಿಗೆ ಗೋಡೆಯಿಂದ ಇಷ್ಟು ದಪ್ಪದ ವೈರಿನಲ್ಲಿ ಕರೆಂಟು ಬರುತ್ತದೆ, ಅದಕ್ಕೆ ಈ ಬಿಲ್ಲೆ ಎಂತಕ್ಕೆ? ಅಂಗಿಗೆ ಜಾಸ್ತಿ ಗುಂಡಿ ಹೊಲಿದು ಕೊಡುತ್ತಾರಲ್ಲ, ಹಾಗೆ ಕಂಪನಿಯವರು ಒಂದು ಇಟ್ಟಿರಬೇಕು ಅಂದುಕೊಂಡೆ. ತೆಗೆದೆ. ಜಾಗ ಬೋಳು ಬೋಳಾಗಿ ಕಂಡಿತು. ಚೇತನ ಬೇಜಾರು ಮಾಡಿಕೊಂಡಾನು ಅಂತ ನನ್ನ ಸತ್ತ ಸೆಲ್ಲನ್ನು, ಚುಕ್ಕಿ ಕೆಳಗೆ ಬರುವ ಹಾಗೆ, ಅಲ್ಲಿ ಕೂರಿಸಿದೆ. ಟಕ್ ಅಂತ ಕೂತಿತು. ತೂಕದ ಮೆಷಿನ್ ಕಣ್ಣು ಬಿಟ್ಟಿತು. ವ್ಯಾನು ಸಂತೋಷವಾಗಿ ಹೊರಟಿತು. ಒಂದು ಪಾಪ ಇಷ್ಟು ಸಲೀಸಾಗಿ ಆಗಬಾರದು ಅಂತ ಆಗಲೇ ಅನ್ನಿಸಬೇಕಿತ್ತು.

ಚೇತನ ಬಂದ, ಕಾರ್ಡು ಸಿಕ್ಕಿಸಿದ. ಕಾರ್ಡು ಅಂದರೆ ಮದುವೆ ಕಾರ್ಡಿನ ಹಾಗಿರುತ್ತದೆ ಅಂದುಕೊಂಡಿದ್ದ ನನಗೆ ಅದರ ಗಾತ್ರ ನೋಡಿ ಗಾಬರಿಯಾಯಿತು. ಒಳ್ಳೇ ಹಲಸಿನ ತೊಳೆ ಬಿಡಿಸುವ ಮಣೆಯಷ್ಟಿದೆ. ಅದು ಸರಿಯಾಗಿ ಆ ಸೆಲ್ಲಿನ ಮೇಲೆಯೇ ಅಡ್ಡಡ್ಡ ಕೂತಿತು. ಗಾಜಿನ ಬಾಗಿಲು ಹಾಕಿ ಸ್ಕ್ರೂ ಬಿಗಿದ. ನಮ್ಮವರು ಊದುಬತ್ತಿ ಹಚ್ಚಿದರು. ಹೊಸ ವಾಹನಕ್ಕೆ ಇಡುವ ಹಾಗೆ ನಿಂಬೆಹಣ್ಣು ಇಡೋಣ ಅಂದರೆ ಪೆಟ್ಟಿಗೆಗೆ ಚಕ್ರವಿಲ್ಲ. ಕೊನೆಗೆ ಎದುರಿಗಿಟ್ಟು ಕೈಮುಗಿದು, ಅದನ್ನೇ ಪಾನಕ ಮಾಡಿಕೊಂಡು ಕುಡಿದೆವು.

ಸ್ವಿಚ್ ಹಾಕಿದ್ದೇ ಚೇತನ ಡಿಲೀಟ್ ಅನ್ನುವ ಕೀಲಿಯನ್ನು ಟಕಟಕ ಒತ್ತತೊಡಗಿದ. 'ಈಗಷ್ಟೇ ಹುಟ್ಟಿದೆ, ಅಳಿಸಿ ಹಾಕ್ತೀಯಲ್ಲೋ' ಅಂದೆ. 'ಅಲ್ಲಕ್ಕ, ಇದು ಬಯೋಸ್. ಕಂಪ್ಯೂಟರಿಗೆ ಎಚ್ಚರ ಆದ ಕೂಡ್ಲೆ ತಾನ್ಯಾರು, ಎಲ್ಲಿದೀನಿ, ಇವತ್ತು ಎಂತ ಕೆಲಸ ಅಂತ ನೆನಪು ಮಾಡ್ಕೊಳ್ಳೋ ಜಾಗ. ಮೊದಲನೇ ಸಲ ನಾವೇ ಹೇಳಿಕೊಡ್ಬೇಕು' ಅಂದ. ನನಗೆ ಅದು ಚೆನ್ನಾಗಿ ಅರ್ಥವಾಯಿತು. ಹೊಸ ಆಳಿಗೆ ಮೇಸ್ತ್ರಿ ಮೊದಲ ದಿನ ತೋಟ ತೋರಿಸುವ ಹಾಗೆ. ಮೊದಲು ದಿನಾಂಕ, ಗಂಟೆ. ಆಮೇಲೆ ಮೆಮೊರಿ. ಅದಕ್ಕೆ ಓಡುವ ಶಕ್ತಿ ಇದ್ದರೂ ಓಡು ಅಂತ ಹೇಳುವ ತನಕ ನಡೆದುಕೊಂಡೇ ಹೋಗುತ್ತದಂತೆ. ಆಮೇಲೆ ಫ್ಯಾನು ಎಷ್ಟು ಬಿಸಿಯಾದಾಗ ಎಷ್ಟು ಜೋರಾಗಿ ತಿರುಗಬೇಕು. ಕೊನೆಗೆ, ಯಾವ ಡಿಸ್ಕಿನಿಂದ ಶುರುವಾಗಬೇಕು. ಹಳೇ ಕಂಪ್ಯೂಟರಿನ ಡಿಸ್ಕನ್ನೇ ಹಾಕಿದ್ದರಿಂದ ಹಳೇ ಪದ್ಧತಿಯಲ್ಲಿ ಶುರುವಾಗು ಅಂತಲೂ ಒಂದು ಕಡೆ ಒಪ್ಪಿಗೆ ಕೊಡಬೇಕಿತ್ತು. ಎಲ್ಲ ಮುಗಿಸಿ ಎಫ್ ಹತ್ತು ಒತ್ತಿ, 'ಯೆಸ್' ಅಂದ. ಪೆಟ್ಟಿಗೆ ಬಣ್ಣಬಣ್ಣವಾಗಿ ಬೆಳಗಿತು. 'ಇನ್ನು ಮರೆಯಲ್ಲ' ಅಂದ ಚೇತನ.

ಆ ಮಾತು ಮುಗಿದು ಸ್ವಲ್ಪ ಹೊತ್ತಿಗೆ ಗುಡುಗಿತು.

ಕಾಫಿ ಗಿಡ ಹೂ ಬಿಡಿಸುವ ಹೂಮಳೆ ಮುಗಿದು ಮುಂಗಾರು ಬರುವ ತನಕ ನಮ್ಮ ಕಡೆ ಮಧ್ಯಾಹ್ನವಾದರೆ ಗುಡುಗು. ಗುಡುಗಿದರೆ ಪ್ಲಗ್ ಕೀಳಬೇಕು. ಹಿಂದೆ ಒಂದು ಸಿಡಿಲಿಗೆ ನಮ್ಮ ಟೀವಿ, ಫ್ರಿಜ್ ಒಟ್ಟಿಗೆ ಸತ್ತ ಮೇಲೆ ನಮ್ಮವರು ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಮೋಡ ಬಾಳೂರಿನ ಮೇಲೆ ಗೊಣಗಿದರೆ ಬಣಕಲ್ಲಿನ ನಮ್ಮ ಮನೆಯಲ್ಲಿ ಒಂದು ಪ್ಲಗ್ಗೂ ಗೋಡೆಯಲ್ಲಿ ಉಳಿಯುವುದಿಲ್ಲ. ಚೇತನನ ಯುಪಿಎಸ್ ಸಮೇತ ಎಲ್ಲ ಕಿತ್ತರು. ಮಳೆ ನಿಂತ ಮೇಲೆ ಮತ್ತೆ ಸಿಕ್ಕಿಸಿದರೆ ಕಂಪ್ಯೂಟರಿಗೆ ಏನೂ ನೆನಪಿಲ್ಲ. ದಿನಾಂಕ ತಾನು ಹುಟ್ಟಿದ ವರ್ಷಕ್ಕೆ ಹೋಗಿ ಕೂತಿದೆ. ಡಿಸ್ಕ್ ಯಾವುದು ಅಂತ ಗೊತ್ತಿಲ್ಲ. ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಗೋಳು ಬರೆದುಕೊಂಡು ನಿಂತಿದೆ. ಚೇತನ ಪಾಪ ಮತ್ತೆ ಎಲ್ಲ ಹೇಳಿಕೊಟ್ಟ. ಮಾರನೇ ದಿನ ಮತ್ತೆ ಗುಡುಗು, ಮತ್ತೆ ಮರೆವು.

ಹರ್ಷನಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದ. ನಾನು ಅಲ್ಲೇ ಚಾಕೊಲೇಟಿಗೆ ಕಾಗದ ಸುತ್ತುತ್ತಿದ್ದೆ. 'ಬೋರ್ಡಿನ ಸೆಲ್ ಹೋಗಿರ್ಬೇಕು ಮಾರಾಯ' ಅಂದ ಹರ್ಷ, 'ಕರೆಂಟ್ ಇಲ್ದಾಗ ಅದ್ರ ನೆನಪು ಕಾಯೋದು ಆ ಸೆಲ್ಲೇ.'

ನನ್ನ ಕೈಯಲ್ಲಿದ್ದ ಚಾಕೊಲೇಟು ಕರಗಿತು.

'ಹೊಸಾ ಬೋರ್ಡಲ್ಲಿ ಸೆಲ್ ಹೆಂಗೋ ಹೋಗ್ತದೆ?' ಅಂದ ಚೇತನ. 'ಹೋಗಿದ್ರೆ ಹೊಸದಲ್ಲ ಅಂತ ಆಯ್ತಲ್ಲ?'

'ನಿನ್ನೆದುರೇ ಸೀಲ್ ಒಡೆದು ಕೊಟ್ಟಿದೀನಿ ಕಣೋ!'

'ಸೀಲ್ ಹಚ್ಚಕ್ಕೆ ಬರಲ್ವಾ ಯಾರಿಗೂ?'

ಅಲ್ಲಿಂದ ಮಾತು ಬೆಳೆಯಿತು. ಅದೇ ಗಳಿಗೆಯಲ್ಲಿ ನಾನು, 'ಚೇತು, ಆ ಸೆಲ್ ನನ್ನ ತಕ್ಕಡಿಯಲ್ಲಿದೆ' ಅಂದಿದ್ದರೆ ಒಂದು ನಗೆಯಲ್ಲಿ ಮುಗಿಯುತ್ತಿತ್ತು. ಆದರೆ ಅವನು ಒಂದೇ ಬೆಂಚಿನ ಸ್ನೇಹಿತನಿಗೆ ಅಷ್ಟೆಲ್ಲ ಅಂದ ಮೇಲೆ, ಕಾರಣ ಅಕ್ಕನ ಚಾಕೊಲೇಟು ಅಂತ ಗೊತ್ತಾದರೆ ಅವನ ಮುಖ ಎಲ್ಲಿ ಇಟ್ಟುಕೊಳ್ಳುತ್ತಾನೆ? ನೋಡಿ, ಸುಳ್ಳು ಮುಚ್ಚಿಡುವಾಗಲೂ ನಾನು ತಮ್ಮನ ಮರ್ಯಾದೆಯ ಬಗ್ಗೆಯೇ ಯೋಚಿಸುತ್ತಿದ್ದೆ ಅಂತ ನನಗೆ ನಾನೇ ಹೇಳಿಕೊಂಡೆ. ಆಮೇಲೆ ಸಾರಿನ ಪುಡಿ ಹುರಿಯುವಾಗ ಯೋಚಿಸಿದರೆ, ಯೋಚನೆಯೆಲ್ಲ ನನ್ನ ಮರ್ಯಾದೆಯದೇ ಆಗಿತ್ತು.

ಮೂಡಿಗೆರೆಗೆ ಹೋಗಿ ವಾಚ್ ಅಂಗಡಿಯಲ್ಲಿ ಹೊಸ ಸೆಲ್ ತಂದೆ. ಹರ್ಷನ ಅಂಗಡಿಯ ಮುಂದೆ ಹಾದುಹೋಗುವಾಗ ಮಳೆಯಿಲ್ಲದಿದ್ದರೂ ಕೊಡೆ ಬಿಚ್ಚಿ ಮುಖ ಮರೆಸಿಕೊಂಡೆ. ಮನೆಗೆ ಬಂದು ನೋಡಿದರೆ ಗಾಜಿನ ಬಾಗಿಲಿಗೆ ಸ್ಕ್ರೂ, ಒಳಗೆ ಸೆಲ್ಲಿನ ಮೇಲೆ ಆ ಮಣೆಯಂಥ ಕಾರ್ಡು. ಅದನ್ನು ಕೀಳುವ ಧೈರ್ಯ ನನಗಿಲ್ಲ. ಹೊಸ ಸೆಲ್ಲನ್ನು ಸಕ್ಕರೆ ಡಬ್ಬಿಯೊಳಗೆ ಹುದುಗಿಸಿಟ್ಟು, ಬೇರೆ ಪ್ರಾಯಶ್ಚಿತ್ತಕ್ಕೆ ಕೈಹಾಕಿದೆ.

ಮದುವೆ ಸೀಸನ್ನು, ಚೇತನ ಹೆಚ್ಚಾಗಿ ಹೊರಗೇ ಇರುತ್ತಿದ್ದ. ಗುಡುಗು ನಿಂತು ನಮ್ಮವರು ಪ್ಲಗ್ ಸಿಕ್ಕಿಸಿದ ಕೂಡಲೇ ನಾನೇ ಹೋಗಿ ಕಂಪ್ಯೂಟರಿನ ಮುಂದೆ ಕೂತು ಡಿಲೀಟ್ ಒತ್ತತೊಡಗಿದೆ. ಇಂಗ್ಲಿಷ್ ಅಕ್ಷರ ಕೂಡಿಸಿ ಓದುವಷ್ಟು ಬರುತ್ತದೆ. ಉಳಿದದ್ದು ಅವನು ಮಾಡುವಾಗ ನೋಡಿ ನೋಡಿ ಒಗ್ಗರಣೆಯ ಕ್ರಮದ ಹಾಗೆ ಬಾಯಿಪಾಠವಾಗಿತ್ತು. ದಿನಾಂಕ, ಮೆಮೊರಿ, ಫ್ಯಾನು, ಡಿಸ್ಕು, ಎಫ್ ಹತ್ತು, ಯೆಸ್. ಒಂದೇ ಒಂದು ಕಡೆ ನನ್ನ ಬುದ್ಧಿ ಓಡಿಸಿದೆ. ಅವನು ಫ್ಯಾನನ್ನು ಮೆಲ್ಲಗೆ ಇಡುತ್ತಿದ್ದ, ನಾನು ಪೂರ್ತಿ ಜೋರು ಇಟ್ಟೆ. ಅಷ್ಟು ಕೆಲಸ ಮಾಡುವ ಜೀವಕ್ಕೆ ಸೆಕೆ ಆಗುವುದಿಲ್ಲವೇ? ಒಮ್ಮೆ ನಮ್ಮವರು ಬಾಗಿಲಲ್ಲಿ ನಿಂತು, 'ಎಂತ ಮಾಡ್ತಿದೀಯೇ?' ಅಂದರು. 'ಧೂಳು ಒರೆಸ್ತಿದೀನಿ' ಅಂದೆ. 'ಟಿಕ್ ಟಿಕ್ ಅಂತಿದೆ?' 'ಗಟ್ಟಿ ಧೂಳು ರೀ.'

ನನ್ನ ಈ ಸೇವೆಯಿಂದ ಆದದ್ದು ಏನು ಅಂದರೆ, ನನಗೆ ಬಿಡುವಿಲ್ಲದ ದಿನ ಕಂಪ್ಯೂಟರು ಮರೆಯುತ್ತಿತ್ತು, ಬಿಡುವಾದ ದಿನ ಮರೆಯುತ್ತಿರಲಿಲ್ಲ. ಜೊತೆಗೆ ಒಂದು ದಿನ ಮೌನವಾಗಿರುತ್ತಿತ್ತು, ಒಂದು ದಿನ ಅಕ್ಕಿ ಗಿರಣಿಯ ಹಾಗೆ ಕೂಗುತ್ತಿತ್ತು. ಪೂರ್ತಿ ಕೆಟ್ಟಿದ್ದರೆ ಕಾರಣ ಹುಡುಕಬಹುದಿತ್ತು. ಒಮ್ಮೊಮ್ಮೆ ಮಾತ್ರ ಕೆಡುವ ವಸ್ತುವನ್ನು ಏನು ಮಾಡುವುದು? ಸೆಲ್ ಹೋಗಿದ್ದರೆ ದಿನಾ ಮರೆಯಬೇಕಿತ್ತು, ಆದ್ದರಿಂದ ಬೋರ್ಡೇ ಮೋಸದ್ದು ಅಂತ ಚೇತನ ತೀರ್ಮಾನಿಸಿದ. ಹರ್ಷನ ಪರವಾಗಿದ್ದ ಒಂದೇ ಸಾಕ್ಷಿಯನ್ನೂ ನಾನು ಹಾಗೆ ಒರೆಸಿ ಹಾಕಿದೆ, ಗಟ್ಟಿ ಧೂಳಿನ ಜೊತೆ.

ಇಷ್ಟರಲ್ಲಿ ಕಳಸದ ಕಡೆಯ ದೊಡ್ಡ ಪ್ಲಾಂಟರ್ ಮನೆಯ ಮದುವೆ ಮುಗಿಯಿತು. ಬೀಗರೂಟದ ದಿನ ಎಲ್ಲರೆದುರು ದೊಡ್ಡ ಪರದೆ ಮೇಲೆ ಮದುವೆಯ ಚಿತ್ರ ತೋರಿಸುತ್ತೇನೆ ಅಂತ ಚೇತನ ಮಾತು ಕೊಟ್ಟಿದ್ದ. ಅಂಥ ಮನೆಯಲ್ಲಿ ಒಂದು ಸಲ ಭೇಷ್ ಅನ್ನಿಸಿಕೊಂಡರೆ ಆ ಬಳಗದ ಮದುವೆಗಳೆಲ್ಲ ಅವನಿಗೇ. ಮಾತು ತಪ್ಪಿದರೆ ಆ ಕಡೆಯ ಘಟ್ಟ ಹತ್ತುವುದೇ ಬೇಡ. ಬೀಗರೂಟದ ಹಿಂದಿನ ದಿನ ಮಧ್ಯಾಹ್ನ ಅವನು ಊಟಕ್ಕೆ ಕೂತಾಗ ಗುಡುಗಿತು, ಪ್ಲಗ್ ಕಿತ್ತಾಯಿತು. ಅವನು ಕೈ ತೊಳೆದು ಬರುವಷ್ಟರಲ್ಲಿ ಮಳೆ ನಿಂತು, ಪ್ಲಗ್ ಸಿಕ್ಕಿಸಿ, ನಾನು ಗಡಿಬಿಡಿಯಲ್ಲಿ ಬಯೋಸ್ ಮುಗಿಸಿ, ಕೈ ಸೆರಗಿಗೆ ಒರೆಸಿಕೊಂಡು ಅಡುಗೆಮನೆಗೆ ಓಡಿದ್ದೆ.

ಕಂಪ್ಯೂಟರಿನ ಕಡೆಯಿಂದ ಚೇತನನ ಕೂಗು ಬಂತು. ನಾನು ದಿನಾಂಕವನ್ನು ನಮ್ಮ ಪದ್ಧತಿಯಲ್ಲಿ ದಿನ ಮೊದಲು, ತಿಂಗಳು ಆಮೇಲೆ ಇಟ್ಟಿದ್ದೆ. ಆ ಪರದೆಗೆ ತಿಂಗಳು ಮೊದಲು ಬೇಕು. ಬೇರೆ ದಿನ ಚೇತನ ಇಡುವುದನ್ನು ನೆನೆದು ಸರಿಯಾಗಿಯೇ ಇಡುತ್ತಿದ್ದವಳು ಅವತ್ತು ಅವಸರದಲ್ಲಿ ತಪ್ಪಿದೆ. ಕಂಪ್ಯೂಟರು ಆಷಾಢ ದಾಟಿ ಮುಂದೆ ಹೋಗಿತ್ತು. ಮಳೆಗೆ ಇಂಟರ್ನೆಟ್ಟೂ ಇರಲಿಲ್ಲ, ತಿದ್ದಿಕೊಳ್ಳಲು ಅದಕ್ಕೆ ದಿಕ್ಕಿಲ್ಲ. ವಿಡಿಯೋ ಜೋಡಿಸುವ ಸಾಫ್ಟ್‌ವೇರು, ನಿಮ್ಮ ಬಾಡಿಗೆ ಅವಧಿ ಮುಗಿದಿದೆ ಅಂತ ಬಾಗಿಲು ಹಾಕಿಕೊಂಡಿತ್ತು. ಚೇತನ ಹರ್ಷನಿಗೆ ಫೋನು ಮಾಡಿ, 'ನೋಡೋ, ಇಷ್ಟು ದಿನ ಹಿಂದಕ್ಕೆ ಹೋಗ್ತಿತ್ತು, ಈಗ ಮುಂದಕ್ಕೂ ಹೋಗ್ತಿದೆ ನಿನ್ನ ಬೋರ್ಡು! ಈಗ್ಲೇ ಬಂದು ತಗೊಂಡೋಗು. ಫೋಟೋಗ್ರಾಫರ್ ಗ್ರೂಪಲ್ಲಿ ಎಲ್ಲರಿಗೂ ಹಾಕ್ತೀನಿ, ನಿನ್ನ ಅಂಗಡಿ ಎಂಥಾದ್ದು ಅಂತ' ಅಂದ. ಕೂಗಿ ಅಂದಿದ್ದರೆ ಪರವಾಗಿರಲಿಲ್ಲ. ಮೆಲ್ಲಗೆ ಅಂದ.

ಹರ್ಷ ಒದ್ದೆ ರೇನ್‌ಕೋಟಿನಲ್ಲೇ ಬಂದ. ಕೈಯಲ್ಲಿ ಇನ್ನೊಂದು ಹೊಸ ಬೋರ್ಡಿನ ಡಬ್ಬಿ. ನನ್ನ ಕಡೆ ನೋಡಿ, 'ಅಕ್ಕ, ಚೆನ್ನಾಗಿದೀರಾ?' ಅಂತ ಕೇಳಿದ. ಜಗಳಕ್ಕೆ ಬಂದವನು ಹಾಗೆ ಕೇಳಬಾರದು. ಕಾಫಿ ಕೊಡುತ್ತಾ ಹೇಳಿಬಿಡೋಣ ಅಂತ ಒಲೆಯ ಮುಂದೆ ನಿಂತೆ. ಡಿಕಾಕ್ಷನ್ ಇಳಿದಷ್ಟೂ ಧೈರ್ಯವೂ ಇಳಿಯಿತು.

ಲೋಟ ಹಿಡಿದು ಬರುವಷ್ಟರಲ್ಲಿ ಹರ್ಷ ಕಾರ್ಡು ಕಿತ್ತು ಸೆಲ್ ತೆಗೆದು ಮೀಟರಿಗೆ ಹಿಡಿದಿದ್ದ. 'ಪೂರ್ತಿ ಸತ್ತಿದೆ' ಅಂದ. ಅವನ ಮುಖ ಸಣ್ಣಗಾಯಿತು. 'ಹೆಂಗೆ ಅಂತ ನನಗೆ ಗೊತ್ತಿಲ್ಲ ಚೇತು. ಅಮ್ಮನಾಣೆ ನಾನು ಹೊಸದೇ ಕೊಟ್ಟಿದ್ದು. ಈ ಬೋರ್ಡ್ ಇಟ್ಕೋ, ಅದನ್ನ ನಾನು ತಗೊಂಡೋಗ್ತೀನಿ. ಇನ್ಮುಂದೆ ಬೇರೆ ಕಡೆ ತಗೋ ನೀನು.' ಸೆಲ್ಲನ್ನು ಮೇಜಿನ ಮೇಲಿಟ್ಟು ರೇನ್‌ಕೋಟಿನ ಗುಂಡಿ ಹಾಕಿಕೊಳ್ಳತೊಡಗಿದ.

ಇಟ್ಟ ಸೆಲ್ ಬೆನ್ನು ಮೇಲಾಗಿ ಬಿದ್ದಿತ್ತು. ಕೆಂಪು ಚುಕ್ಕಿ.

ಚೇತನ ನೋಡಿದ. ಆ ಚುಕ್ಕಿ ನೋಡುತ್ತಲೇ ಬೆಳೆದವನು ಅವನು. ಆಮೇಲೆ ನನ್ನನ್ನು ನೋಡಿದ. ಆ ಸೆಲ್ಲನ್ನು ಮೆಲ್ಲಗೆ ಅಂಗೈಯಲ್ಲಿ ಮುಚ್ಚಿಕೊಂಡ. 'ಹರ್ಷ, ನಿಲ್ಲೋ. ನನ್ನದೇ ತಪ್ಪು. ಕಟ್ಟುವಾಗ ನಾನೇ ಯಾವುದೋ ಹಳೇ ಸೆಲ್ ಹಾಕಿರ್ಬೇಕು, ಈಗ ನೆನಪಾಯ್ತು' ಅಂದ. ಹರ್ಷ ಗುಂಡಿಯ ಮೇಲೆ ಕೈಯಿಟ್ಟುಕೊಂಡೇ ನಿಂತ. 'ನೀನು? ಎಂತಕ್ಕೆ?' ಚೇತನನಿಗೆ ಸುಳ್ಳು ಅಷ್ಟೇ ಬರುತ್ತಿತ್ತು, ಮುಂದಿನದು ಬರಲಿಲ್ಲ. ಹರ್ಷನೇ, 'ಇರ್ಲಿ ಬಿಡು. ಆದ್ರೆ ಬರೀ ಸೆಲ್ಲಿಗೆ ಅಂತ ಈ ಡಬ್ಬಿ ಸೀಲ್ ಒಡೆದ್ರೆ ಕಂಪನಿಯೋರು ವಾಪಸ್ ತಗೊಳ್ಳಲ್ಲ, ಹೊಸಾ ಸೆಲ್ಲಿಗೆ ಮೂಡಿಗೆರೆಗೇ ಹೋಗ್ಬೇಕು. ಚಾರ್ಮಾಡಿ ಕಡೆಯಿಂದ ಮಳೆ ಏರ್ತಿದೆ, ಗುಡುಗಿದ್ರೆ ಮತ್ತೆ ಮರೀತದೆ, ನಾಳೆ ಬೆಳಿಗ್ಗೆಗೆ ನಿನ್ನ ಚಿತ್ರ ಆಗ್ಬೇಕಲ್ಲ?' ಅಂದ.

ನನ್ನ ಹೊಸ ಸೆಲ್ ಸಕ್ಕರೆ ಡಬ್ಬಿಯಲ್ಲಿದೆ. ಕೊಟ್ಟರೆ ಅದೇ ನನ್ನ ಒಪ್ಪಿಗೆ. ಕೊಡದಿದ್ದರೆ ತಮ್ಮನ ಮಾತು ಹೋಗುತ್ತದೆ, ಅದೂ ನನ್ನ ತಪ್ಪನ್ನು ತಲೆ ಮೇಲೆ ಹೊತ್ತು ನಿಂತ ತಮ್ಮನದು. ಒಳಗೆ ಹೋಗಿ ಡಬ್ಬಿಗೆ ಕೈಹಾಕಿ ತಂದೆ. 'ತಗೋ ಹರ್ಷ. ನಿಂದು ಹೊಸದೇ ಇತ್ತು. ಅದು ನನ್ನ ತಕ್ಕಡಿಯಲ್ಲಿದೆ. ಸತ್ತಿದ್ದನ್ನ ಇಟ್ಟಿದ್ದು ನಾನು. ನಿನ್ನನ್ನ ಕಳ್ಳನ್ನ ಮಾಡಿದ್ದೂ ನಾನೇ' ಅಂದೆ. ಹೇಳಿ ಮುಗಿಸುವಷ್ಟರಲ್ಲಿ ನನ್ನ ಕೈಗಂಟಿದ ಸಕ್ಕರೆ ಅವನ ರೇನ್‌ಕೋಟಿನ ತೋಳಿನ ಮೇಲೆಲ್ಲ ಉದುರಿತು.

ಹರ್ಷ ಸೆಲ್ ನೋಡಿದ, ಸಕ್ಕರೆ ನೋಡಿದ. ಮೊದಲು ನಕ್ಕವನು ಅವನೇ. 'ಅಲ್ಲಕ್ಕ, ಸೆಲ್ ಸತ್ತಿದ್ರೆ ಮಧ್ಯ ಮಧ್ಯ ಸರಿ ಹೆಂಗೆ ಆಗ್ತಿತ್ತು?' ಅಂದ. ಅದನ್ನೂ ಹೇಳಬೇಕಾಯಿತು. 'ಬಯೋಸ್ ನೀವು ಸೆಟ್ ಮಾಡ್ತಿದ್ರಾ? ದಿನಾ?' ಅಂತ ಅವನು ಕುರ್ಚಿಯ ಮೇಲೆ ಕೂತೇಬಿಟ್ಟ. ಚೇತನ ಮಾತ್ರ ನಗಲಿಲ್ಲ. 'ಡಿಲೀಟ್ ಕೀ ಮೇಲೆ ಚಾಕೊಲೇಟ್ ಅಂಟಿತ್ತು. ನೀನು ಕದ್ದು ಸೀರಿಯಲ್ ನೋಡ್ತಿದೀಯ, ಪಾಪ ಬೇಜಾರಾಗುತ್ತೆ ಅಂತ ಕೇಳಿರ್ಲಿಲ್ಲ' ಅಂದ. ಆಮೇಲೆ ಸ್ನೇಹಿತನ ಕಡೆ ತಿರುಗಿ, 'ಹರ್ಷ...' ಅಂದ. 'ಸುಮ್ನಿರೋ, ಕಾಫಿ ಆರ್ತದೆ' ಅಂದ ಹರ್ಷ. ಗಂಡಸರ ಕ್ಷಮಾಪಣೆ ಅಷ್ಟರಲ್ಲೇ ಮುಗಿಯುತ್ತದೆ. ನನ್ನದು ಮುಗಿಯಲಿಲ್ಲ. ಅವನು ಹೊರಡುವಾಗ ನಾನು ಕೊಟ್ಟ ಚಾಕೊಲೇಟನ್ನು ತೂಗಲೇ ಇಲ್ಲ, ಆ ತಕ್ಕಡಿಯ ಮೇಲೆ ಅವನೆದುರು ಏನನ್ನು ಇಡುವುದಕ್ಕೂ ಮುಖವಿರಲಿಲ್ಲ.

ಚಿತ್ರ ಬೀಗರೂಟಕ್ಕೆ ಸರಿಯಾಗಿ ಕಳಸ ತಲುಪಿತು. ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಜನ ಪರದೆ ನೋಡಿದರಂತೆ. ಹರ್ಷ ಈ ಕಥೆಯನ್ನು ಮೂಡಿಗೆರೆಯಿಡೀ ಹೇಳಿದ್ದಾನೆ, ಆದರೆ ಕದ್ದ ಭಾಗ ಬಿಟ್ಟು. ಹಾಗಾಗಿ ಈಗ ಬಣಕಲ್ಲಿನಲ್ಲಿ ನಾನು ಬಯೋಸ್ ಅಕ್ಕ. ಯಾರೋ ಫೋನು ಮಾಡಿ, 'ಅಕ್ಕ, ಫ್ಯಾನ್ ಎಲ್ಲಿ ಬರ್ತದೆ?' ಅಂತ ಕೇಳುತ್ತಾರೆ. ನಾನು ಹೇಳಿಕೊಡುತ್ತೇನೆ. ಎಂಟನೇ ಕ್ಲಾಸು ಓದಿ ಇಷ್ಟೆಲ್ಲ ಹೇಗೆ ಕಲಿತಿರಿ ಅಂತ ಕೇಳಿದರೆ ಮಾತ್ರ ಒಲೆಯ ಮೇಲೆ ಹಾಲಿದೆ ಅನ್ನುತ್ತೇನೆ.

ಚೇತನ ನನಗೆ ಬೈಯಲಿಲ್ಲ, ಅದೊಂದು ಭಾರ. ಆ ಕೆಂಪು ಚುಕ್ಕಿಯ ಸೆಲ್ಲನ್ನು ಎಸೆಯಲೂ ಇಲ್ಲ. ಕಂಪ್ಯೂಟರಿನ ಗಾಜಿನ ಬಾಗಿಲಿಗೆ, ನಾನು ಒಳಗೆ ಬಂದರೆ ಮೊದಲು ಕಾಣುವ ಹಾಗೆ ಅಂಟಿಸಿದ್ದಾನೆ. 'ದೃಷ್ಟಿಬೊಟ್ಟು' ಅನ್ನುತ್ತಾನೆ. ಯಾರ ದೃಷ್ಟಿಗೆ ಅಂತ ನಾನು ಕೇಳಿಲ್ಲ. ದಿನಾ ಗಾಜು ಒರೆಸುವಾಗ ಅದನ್ನು ನೋಡಿ, ನನ್ನ ತಪ್ಪು ನೆನೆದು, ತಲೆ ತಗ್ಗಿಸುತ್ತೇನೆ. ಆದರೂ ಇಷ್ಟು ದಿನ ಆರಾಮಾಗಿ ಮಲಗಿದ್ದರಿಂದ ಅದರಲ್ಲಿ ಸ್ವಲ್ಪ ಜೀವ ಮರಳಿರಬಹುದೋ ಏನೋ. ನಿನ್ನೆ ನೋಡಿದೆ, ಅಂಟು ಒಂದು ಕಡೆ ಸಡಿಲವಾಗಿದೆ.